ತಾಬಾದ ಹೆಂಗಸರು: ಆರೋಪಪಟ್ಟಿಯಲ್ಲೇ ಇಲ್ಲದ ಅಪರಾಧ ಸಾಬೀತಾದದ್ದು ಹೇಗೆ

1997ರ ಜನವರಿಯಲ್ಲಿ ಟಾಂಜಾನಿಯಾದ ಅರೂಷಾ ನಗರದಲ್ಲಿ ಒಂದು ವಿಚಾರಣೆ ಶುರುವಾಯಿತು. ಆರೋಪಿಯ ಹೆಸರು ಝಾನ್ ಪಾಲ್ ಅಕಾಯೆಸು. ಪಕ್ಕದ ದೇಶವಾದ ರುವಾಂಡಾದ ತಾಬಾ ಎಂಬಲ್ಲಿ ಅವನು ಆಡಳಿತದ ಮುಖ್ಯಸ್ಥನಾಗಿದ್ದ. 1994ರಲ್ಲಿ, ಅವನು ಅಧಿಕಾರದಲ್ಲಿದ್ದಾಗಲೇ, ಅಲ್ಲಿ ತುತ್ಸಿ ಎಂಬ ಗುಂಪಿನ ಕಡಿಮೆ ಅಂದರೂ 2,000 ಜನರ ಕೊಲೆಯಾಗಿತ್ತು. ವಿಶ್ವಸಂಸ್ಥೆ ರುವಾಂಡಾಕ್ಕಾಗಿಯೇ ಕಟ್ಟಿದ ನ್ಯಾಯಮಂಡಳಿಯ ಮುಂದೆ ಅವನನ್ನು ನಿಲ್ಲಿಸಿದ್ದರು. ಆರೋಪಪಟ್ಟಿಯಲ್ಲಿ ಜನಾಂಗ ಹತ್ಯೆ ಇತ್ತು, ಕೊಲೆ ಇತ್ತು, ಚಿತ್ರಹಿಂಸೆ ಇತ್ತು. ಅತ್ಯಾಚಾರದ ಆರೋಪ ಒಂದೂ ಇರಲಿಲ್ಲ.

ಒಂದೂವರೆ ವರ್ಷ ದಾಟಿದ ಮೇಲೆ, 1998ರ ಸೆಪ್ಟೆಂಬರ್ 2ರಂದು, ಅದೇ ನ್ಯಾಯಮಂಡಳಿ ಅತ್ಯಾಚಾರವೂ ಜನಾಂಗ ಹತ್ಯೆಯ ಒಂದು ವಿಧಾನ ಎಂದು ತೀರ್ಪು ಕೊಟ್ಟಿತು. ಜಗತ್ತಿನ ಯಾವ ಅಂತರರಾಷ್ಟ್ರೀಯ ನ್ಯಾಯಾಲಯವೂ ಅದಕ್ಕೆ ಮುಂಚೆ ಹಾಗೆ ಹೇಳಿರಲಿಲ್ಲ. ಈ ನಡುವೆ ಏನಾಯಿತು ಅನ್ನುವುದೇ ಈ ಪ್ರಕರಣ.

ಮಂಡ್ಯದಲ್ಲಿ ಹೆಂಗಸರು, ಮಕ್ಕಳ ಜೊತೆ ಕೆಲಸ ಮಾಡುವ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಸೇರಿ ಒಂದು ಪ್ರಕರಣವನ್ನು ಕೂತು ಓದುತ್ತೇವೆ. ಆಪ್ತಸಮಾಲೋಚಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಸ್ತ್ರೀಶಕ್ತಿ ಸಂಘದವರು ಬರುತ್ತಾರೆ. ಮೈಸೂರಿನಿಂದ ಕಾನೂನು ಓದುವ ಕೆಲವು ಹುಡುಗ ಹುಡುಗಿಯರೂ ರೈಲು ಹತ್ತಿ ಬರುತ್ತಾರೆ. ಎಲ್ಲೋ ಆಫ್ರಿಕಾದ ಕಥೆ ನಮಗೇಕೆ ಎಂದು ಮೊದಲು ಒಬ್ಬಿಬ್ಬರು ಕೇಳಿದ್ದೂ ಉಂಟು. ಓದುತ್ತಾ ಹೋದ ಹಾಗೆ ಅವರೇ ಜಾಸ್ತಿ ಪ್ರಶ್ನೆ ಕೇಳಿದರು. ಅವರ ಪ್ರಶ್ನೆಗಳಿಂದಲೇ ಈ ಬರಹಕ್ಕೆ ಒಂದು ದಾರಿ ಸಿಕ್ಕಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮನೆಯೊಳಗೆ, ಊರೊಳಗೆ ನಡೆಯುವ ದೌರ್ಜನ್ಯ ಬೇರೆ, ಒಂದು ಜನಾಂಗವನ್ನೇ ಇಲ್ಲವಾಗಿಸಲು ಸರ್ಕಾರವೇ ಹೊರಡುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಹಾಗಿದ್ದರೂ ನೊಂದ ಹೆಂಗಸಿನ ಮಾತು ದಾಖಲೆಗೆ ಬರುವ ದಾರಿ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಆ ದಾರಿಗಾಗಿಯೇ ನಾವು ತಾಬಾವನ್ನು ಓದಿದ್ದು.

ಊರು ಮತ್ತು ಮನುಷ್ಯ

ರುವಾಂಡಾ ಚಿಕ್ಕ ದೇಶ. ಮಂಡ್ಯದಂಥ ಐದು ಜಿಲ್ಲೆ ಸೇರಿಸಿದರೆ ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಹುಟು, ತುತ್ಸಿ, ತ್ವಾ ಎಂಬ ಮೂರು ಗುಂಪಿನ ಜನ. ಎಲ್ಲರದೂ ಒಂದೇ ಭಾಷೆ. ಒಂದೇ ಊರಲ್ಲಿ, ಅಕ್ಕಪಕ್ಕದ ಮನೆಗಳಲ್ಲೇ ವಾಸ. ಮದುವೆ ಸಂಬಂಧಗಳೂ ನಡೆಯುತ್ತಿದ್ದವು. 1930ರ ದಶಕದಲ್ಲಿ ಬೆಲ್ಜಿಯಂನ ಆಳ್ವಿಕೆ ಪ್ರತಿಯೊಬ್ಬರಿಗೂ ಗುರುತಿನ ಚೀಟಿ ಕೊಟ್ಟಿತು. ಅದರ ಮೇಲೆ ಯಾವ ಗುಂಪು ಎಂದು ಬರೆಯಿತು. ಗುಂಪು ಅಪ್ಪನಿಂದ ಮಕ್ಕಳಿಗೆ ಬರುತ್ತಿತ್ತು. ಅಮ್ಮ ಯಾರಾದರೂ ಲೆಕ್ಕಕ್ಕಿಲ್ಲ. ಈ ಸಂಗತಿಯನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ಹೊಡೆದು ಉರುಳಿಸಿದರು. ಕೆಲವೇ ಗಂಟೆಗಳಲ್ಲಿ ರಾಜಧಾನಿ ಕಿಗಾಲಿಯಲ್ಲಿ ಕೊಲೆಗಳು ಶುರುವಾದವು. ಸುಮಾರು 100 ದಿನ ಅದು ನಿಲ್ಲಲಿಲ್ಲ. ಸತ್ತವರು 8 ಲಕ್ಷ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿತು. 10 ಲಕ್ಷಕ್ಕೂ ಜಾಸ್ತಿ ಎಂದು ರುವಾಂಡಾ ಸರ್ಕಾರ ಹೇಳುತ್ತದೆ. ಸತ್ತವರಲ್ಲಿ ಬಹುಪಾಲು ತುತ್ಸಿಗಳು. ಕೊಲ್ಲಲು ಒಪ್ಪದ, ತಡೆಯಲು ಹೋದ ಹುಟುಗಳೂ ಸತ್ತರು.

ಅಕಾಯೆಸು ಮೊದಲು ಶಾಲಾ ಮೇಷ್ಟ್ರು, ಆಮೇಲೆ ಶಾಲಾ ಇನ್ಸ್‌ಪೆಕ್ಟರ್. 1993ರ ಏಪ್ರಿಲ್‌ನಲ್ಲಿ ತಾಬಾ ಕಮ್ಯೂನ್‌ನ, ಅಂದರೆ ಅಲ್ಲಿನ ಒಂದು ಆಡಳಿತ ಘಟಕದ, ಮುಖ್ಯಸ್ಥನಾದ. ನಮ್ಮಲ್ಲಿ ತಹಶೀಲ್ದಾರರು, ಪಂಚಾಯ್ತಿ ಅಧ್ಯಕ್ಷರು, ಠಾಣೆಯ ಇನ್ಸ್‌ಪೆಕ್ಟರ್ ಎಂದು ಹಂಚಿಹೋಗಿರುವ ಅಧಿಕಾರದ ದೊಡ್ಡ ಪಾಲು ಅಲ್ಲಿ ಆ ಒಬ್ಬನ ಕೈಯಲ್ಲಿತ್ತು. ಕಮ್ಯೂನ್‌ನ ಪೊಲೀಸರು ಅವನ ಮಾತು ಕೇಳುತ್ತಿದ್ದರು. ಜನರೂ ಕೇಳುತ್ತಿದ್ದರು.

ಮೊದಮೊದಲು ಅವನು ಕೊಲೆಗಾರರನ್ನು ತಡೆದಿದ್ದ. ಇದನ್ನು ಕೋರ್ಟೂ ಒಪ್ಪಿಕೊಂಡಿದೆ. ಏಪ್ರಿಲ್ 18ರಂದು ಮಧ್ಯಂತರ ಸರ್ಕಾರದ ದೊಡ್ಡವರು ಇಂಥ ಮುಖ್ಯಸ್ಥರ ಸಭೆ ಕರೆದರು. ಅಲ್ಲಿಂದ ಬಂದವನು ಬೇರೆ ಮನುಷ್ಯನಾಗಿದ್ದ. ಮರುದಿನ ಬೆಳಿಗ್ಗೆಯೇ ಜನರನ್ನು ಸೇರಿಸಿ, ಶತ್ರುವನ್ನು ಮುಗಿಸಲು ಎಲ್ಲರೂ ಒಂದಾಗಬೇಕು ಎಂದ. ಯಾರನ್ನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ತಾಬಾದಲ್ಲಿ ಸಾಮೂಹಿಕ ಕೊಲೆಗಳು ಶುರುವಾದದ್ದು ಆ ಸಭೆಯ ಬೆನ್ನಿಗೇ. ಒಂದು ಅಧಿಕಾರಸ್ಥಾನ ಬಗ್ಗಿದರೆ ಊರಿಗೆ ಊರೇ ಬಗ್ಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಿನಾಂಕ ನನಗೆ ಬೇರೆಲ್ಲೂ ಕಂಡಿಲ್ಲ.

ಮನೆ ಸುಟ್ಟು, ಗಂಡಂದಿರನ್ನು ಕಳೆದುಕೊಂಡ ತುತ್ಸಿ ಹೆಂಗಸರು, ಮಕ್ಕಳು ಓಡಿ ಬಂದದ್ದು ಅಕಾಯೆಸುವಿನ ಕಚೇರಿಗೇ. ಸರ್ಕಾರಿ ಕಚೇರಿ, ಇಲ್ಲಿ ಜೀವ ಉಳಿದೀತು ಎಂಬ ನಂಬಿಕೆ. ಆ ಆವರಣದಲ್ಲೇ, ಇಂಟರಾಹಾಮ್ವೆ ಎಂಬ ಸಶಸ್ತ್ರ ಯುವಕರ ಗುಂಪು ಹೆಂಗಸರ ಮೇಲೆ ದಿನವೂ ಅತ್ಯಾಚಾರ ಮಾಡಿತು. ಪಕ್ಕದ ಸಾಂಸ್ಕೃತಿಕ ಕೇಂದ್ರದ ಕಟ್ಟಡದಲ್ಲೂ ಮಾಡಿತು. ಅಕಾಯೆಸುವಿಗೆ ಇದು ಗೊತ್ತಿತ್ತು. ಕೆಲವು ಸಲ ಅಲ್ಲೇ ಇದ್ದ. ತಡೆಯಬಹುದಿತ್ತು, ತಡೆಯಲಿಲ್ಲ. ಬಾಯಿಮಾತಿನಲ್ಲಿ ಹುರಿದುಂಬಿಸಿದ ಎಂದೂ ಸಾಕ್ಷಿಗಳು ಹೇಳಿದರು.

ಒಂದು ವಾಕ್ಯ

ನ್ಯಾಯಮಂಡಳಿಯಲ್ಲಿ ಸಾಕ್ಷಿಗಳ ಹೆಸರು ಹೇಳುತ್ತಿರಲಿಲ್ಲ. ಅಕ್ಷರಗಳಿಂದ ಕರೆಯುತ್ತಿದ್ದರು. ‘ಜೆ’ ಎಂಬ ಸಾಕ್ಷಿ ತನ್ನ ಮನೆಯವರ ಕೊಲೆಯ ಬಗ್ಗೆ ಹೇಳಲು ಬಂದಿದ್ದಳು. ಹೇಳುವಾಗ, ಕೊಲ್ಲಲು ಬಂದವರಲ್ಲಿ ಮೂವರು ತನ್ನ 6 ವರ್ಷದ ಮಗಳ ಮೇಲೆ ಅತ್ಯಾಚಾರ ಮಾಡಿದರು ಎಂದಳು.

ಅಲ್ಲಿಗೆ ಬಿಟ್ಟು ಮುಂದೆ ಹೋಗಬಹುದಿತ್ತು. ಆರೋಪಪಟ್ಟಿಯಲ್ಲಿ ಇಲ್ಲದ ಸಂಗತಿ ಅದು. ನ್ಯಾಯಾಧೀಶರು ಬಿಡಲಿಲ್ಲ. ಪೀಠದಲ್ಲಿ ಮೂವರಿದ್ದರು: ಸೆನೆಗಲ್‌ನ ಲೈಟಿ ಕಾಮಾ, ಸ್ವೀಡನ್ನಿನ ಲೆನಾರ್ಟ್ ಆಸ್ಪೆಗ್ರೆನ್, ದಕ್ಷಿಣ ಆಫ್ರಿಕಾದ ನವನೀತಂ ಪಿಳ್ಳೈ. ಪಿಳ್ಳೈ ಡರ್ಬನ್ನಿನ ತಮಿಳು ಮೂಲದ ಕುಟುಂಬದವರು. ಅಪ್ಪ ಬಸ್ ಡ್ರೈವರ್. ಆಗ ಇಡೀ ನ್ಯಾಯಮಂಡಳಿಯಲ್ಲಿ ಇದ್ದ ಒಬ್ಬರೇ ಮಹಿಳಾ ನ್ಯಾಯಾಧೀಶೆ ಅವರು. ಪೀಠ ಸಾಕ್ಷಿಯನ್ನು ಮತ್ತೆ ಕೇಳಿತು. ಕಮ್ಯೂನ್ ಕಚೇರಿಯಲ್ಲಿ ಹುಡುಗಿಯರ ಮೇಲೆ ಅತ್ಯಾಚಾರ ಆಗುತ್ತಿತ್ತು ಎಂದು ಕೇಳಿದ್ದೇನೆ ಎಂದು ಅವಳು ಹೇಳಿದಳು. ಆಮೇಲೆ ಬಂದ ‘ಎಚ್’ ಎಂಬ ಸಾಕ್ಷಿ, ಜೋಳದ ಹೊಲದಲ್ಲಿ ತನ್ನ ಮೇಲೆಯೇ ಅತ್ಯಾಚಾರವಾಯಿತು, ಕಚೇರಿಯ ಆವರಣದ ಹೊರಗೆ ಬೇರೆ ಹೆಂಗಸರ ಮೇಲೆ ಆದದ್ದನ್ನೂ ಕಣ್ಣಾರೆ ಕಂಡೆ ಎಂದಳು.

ವಿಚಾರಣೆ ನಿಂತಿತು. ತನಿಖೆಯವರು ಮತ್ತೆ ತಾಬಾಕ್ಕೆ ಹೋದರು. ಆರೋಪಪಟ್ಟಿಯನ್ನು ತಿದ್ದಲೇಬೇಕೆಂದು ಮಹಿಳಾ ಹಕ್ಕುಗಳ ಸಂಘಟನೆಗಳು ನ್ಯಾಯಮಂಡಳಿಗೆ ಲಿಖಿತ ವಾದ ಕಳಿಸಿದವು. 1997ರ ಜೂನ್‌ನಲ್ಲಿ ಲೈಂಗಿಕ ಹಿಂಸೆಯ ಆರೋಪಗಳು ಸೇರಿದವು.

ಮಹಿಳಾ ಸಂಘಟನೆಗಳ ಒತ್ತಡಕ್ಕೆ ಮಣಿದು ಈ ಆರೋಪ ಸೇರಿಸಿದ್ದಾರೆ ಎಂದು ಅಕಾಯೆಸುವಿನ ಕಡೆಯವರು ವಾದಿಸಿದರು. ಕಚೇರಿ ಆವರಣದಲ್ಲಿ ಅಂಥದ್ದು ನಡೆದೇ ಇಲ್ಲ ಎಂದು ಅವನು ಹೇಳಿದ. ಈ ಬಗೆಯ ಹಿಂಸೆಯನ್ನು ತನಿಖೆ ಮಾಡುವುದು ನ್ಯಾಯದ ಹಿತಕ್ಕೇ ಆಗಿದೆ ಎಂದು ಪೀಠ ಉತ್ತರ ಕೊಟ್ಟಿತು. ಮೊದಲೇ ಪುರಾವೆ ಸಿಗದಿರಲು ಇಂಥ ವಿಷಯಕ್ಕೆ ಅಂಟಿಕೊಂಡಿರುವ ನಾಚಿಕೆ, ಅವಮಾನವೂ ಕಾರಣ ಇರಬಹುದು ಎಂದಿತು.

ಇದನ್ನು ಓದಿದಾಗ ನಮ್ಮ ಗುಂಪಿನಲ್ಲಿ ಸುಮಾರು ಹೊತ್ತು ಮಾತು ನಡೆಯಿತು. ಪಾಂಡವಪುರ ಕಡೆಯ ಸಮಾಲೋಚಕಿಯೊಬ್ಬರು ಹೇಳಿದ್ದು ಇದು: ‘ನಮ್ಮತ್ರ ಬರೋರೂ ಅಷ್ಟೇ ಕಣಕ್ಕ. ದುಡ್ಡು, ಕುಡಿತ, ಅತ್ತೆ, ಎಲ್ಲ ಹೇಳ್ತಾರೆ. ಹೇಳ್ಬೇಕಾಗಿದ್ದನ್ನ ಎದ್ದು ಹೊರಡೋವಾಗ ಹೇಳ್ತಾರೆ. ಆಗ ನಾವು ಪೆನ್ನು ಮುಚ್ಚಿ ಇಟ್ಟಿರ್ತೀವಿ.’ ಅಲ್ಲಿದ್ದ ಹಳಬರೆಲ್ಲ ಹೌದು ಹೌದು ಎಂದರು.

ನನಗೆ ಅನಿಸುವುದು ಇಷ್ಟು. ಕೇಳದೆ ಇದ್ದದ್ದು ದಾಖಲಾಗುವುದಿಲ್ಲ. ದಾಖಲಾಗದೆ ಇದ್ದದ್ದಕ್ಕೆ ಯಾರೂ ಹೊಣೆಯಾಗುವುದಿಲ್ಲ. ತಾಬಾದಲ್ಲಿ ಇದು ಕೂದಲೆಳೆಯಲ್ಲಿ ತಪ್ಪಿತು. ಪೀಠ ಆವತ್ತು ಇನ್ನೊಂದು ಪ್ರಶ್ನೆ ಕೇಳದೆ ಇದ್ದಿದ್ದರೆ ಆ ಹೆಂಗಸರಿಗೆ ಆದದ್ದು ತೀರ್ಪಿನಲ್ಲಿ ಒಂದು ಸಾಲೂ ಆಗುತ್ತಿರಲಿಲ್ಲವೇನೋ.

ಮಾತಾಡುವ ಶಕ್ತಿ ಎಲ್ಲಿಂದ ಬಂತು

ಆರೋಪಪಟ್ಟಿ ತಿದ್ದಿದರೆ ಮುಗಿಯಲಿಲ್ಲ. ಯಾರಾದರೂ ಬಂದು ಸಾಕ್ಷಿ ಹೇಳಬೇಕಲ್ಲ. ಊರು ಬಿಟ್ಟು, ಬೇರೆ ದೇಶಕ್ಕೆ ಹೋಗಿ, ಕರಿ ಕೋಟಿನವರ ಮುಂದೆ, ಆರೋಪಿಯೂ ಕೂತಿರುವಾಗ.

ಆ ಕೆಲಸ ಸಾಧ್ಯವಾದದ್ದು ತಾಬಾದಲ್ಲೇ ಇದ್ದ ಒಂದು ಹೆಂಗಸರ ಸಂಘದಿಂದ. ಗೋಡೆಲೀವ್ ಮುಕಸರಾಸಿ ಎಂಬ ಸಮಾಜ ಕಾರ್ಯಕರ್ತೆ 1994ರ ಕೊನೆಯಲ್ಲೇ ‘ಸೆವೋಟಾ’ ಎಂಬ ಸಂಘ ಕಟ್ಟಿದ್ದರು. ವಿಧವೆಯರು, ಅನಾಥ ಮಕ್ಕಳು ಒಟ್ಟಿಗೆ ಕೂರಲು ಒಂದು ಜಾಗ, ಕೂಡಿ ದುಡಿಯಲು ಒಂದು ದಾರಿ. ಅವರು ಸ್ವತಃ ಹುಟು, ಗಂಡ ತುತ್ಸಿ. ಹೆಂಗಸರು ಮೊದಲು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೋರ್ಟಿನ ಮಾತು ಬಂದದ್ದು ಆಮೇಲೆ. ಕೋರ್ಟಿನಲ್ಲಿ ಹೇಳಲು ಮುಂದೆ ಬಂದವರನ್ನು ಮುಕಸರಾಸಿ ಒಟ್ಟುಗೂಡಿಸಿದರು.

1996ರ ಡಿಸೆಂಬರ್‌ನಲ್ಲಿ, ವಿಚಾರಣೆ ಶುರುವಾಗುವ ಕೆಲವೇ ದಿನ ಮುಂಚೆ, ಅವರ ಗಂಡನನ್ನೂ ಮಗಳನ್ನೂ ಕೊಂದರು. ಆಮೇಲೂ ಅವರು ಹಿಂದೆ ಸರಿಯಲಿಲ್ಲ, ಹೆಂಗಸರೂ ಸರಿಯಲಿಲ್ಲ. 2018ರಲ್ಲಿ ಅಮೆರಿಕ ಸರ್ಕಾರ ಧೈರ್ಯಶಾಲಿ ಮಹಿಳೆಯರಿಗೆ ಕೊಡುವ ಅಂತರರಾಷ್ಟ್ರೀಯ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ಈ ತೀರ್ಪಿನ ಬಗ್ಗೆ ಬರೆಯುವವರು ನ್ಯಾಯಾಧೀಶರನ್ನು, ವಕೀಲರನ್ನು ಹೊಗಳುತ್ತಾರೆ. ಹೊಗಳಲಿ, ಅವರಿಗೆ ಅದು ಸಲ್ಲಬೇಕಾದದ್ದೇ. ಆದರೆ ತಾಬಾದ ಸಂಘ ಇಲ್ಲದಿದ್ದರೆ ಆ ಕಟಕಟೆ ಖಾಲಿಯೇ ಇರುತ್ತಿತ್ತು. ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ಉಳಿತಾಯ, ಸಾಲದ ಲೆಕ್ಕಕ್ಕೆ ಮಾತ್ರ ಅಳೆಯುವ ಅಧಿಕಾರಿಗಳಿಗೆ ಈ ಭಾಗವನ್ನು ಓದಿ ಹೇಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ತೀರ್ಪು ಹೇಳಿದ್ದು

1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆ ಜನಾಂಗ ಹತ್ಯೆಗೆ ಐದು ಬಗೆಗಳನ್ನು ಹೇಳುತ್ತದೆ. ಕೊಲ್ಲುವುದು ಅದರಲ್ಲಿ ಒಂದು ಮಾತ್ರ. ದೇಹಕ್ಕೆ, ಮನಸ್ಸಿಗೆ ಗಂಭೀರ ಹಾನಿ ಮಾಡುವುದು, ಬದುಕಲಾಗದ ಸ್ಥಿತಿಗೆ ತಳ್ಳುವುದು, ಹುಟ್ಟನ್ನೇ ತಡೆಯುವುದು, ಒಂದು ಗುಂಪಿನ ಮಕ್ಕಳನ್ನು ಬಲವಂತವಾಗಿ ಇನ್ನೊಂದು ಗುಂಪಿಗೆ ಸಾಗಿಸುವುದು ಉಳಿದವು. ಒಂದು ಗುಂಪನ್ನು ಪೂರ್ತಿ ಅಥವಾ ಭಾಗಶಃ ಇಲ್ಲವಾಗಿಸುವ ಉದ್ದೇಶದಿಂದ ಇವುಗಳಲ್ಲಿ ಯಾವುದನ್ನು ಮಾಡಿದರೂ ಅದು ಜನಾಂಗ ಹತ್ಯೆ. ಕಡೆಯ ಎರಡನ್ನು ಇನ್ನೊಮ್ಮೆ ಓದಿ. ಎರಡೂ ನೇರವಾಗಿ ಹೆಂಗಸರ ಮತ್ತು ಮಕ್ಕಳ ಮೇಲೆಯೇ ಬೀಳುವಂಥವು.

ತುತ್ಸಿ ಹೆಂಗಸರ ಮೇಲಿನ ಅತ್ಯಾಚಾರ ತುತ್ಸಿಗಳನ್ನು ಇಲ್ಲವಾಗಿಸುವ ಕೆಲಸದ ಭಾಗವೇ ಆಗಿತ್ತು ಎಂದು ತೀರ್ಪು ಹೇಳಿತು. ಗೊಂದಲದಲ್ಲಿ, ಕುಡಿದ ಮತ್ತಿನಲ್ಲಿ ಆದದ್ದಲ್ಲ. ಆರಿಸಿ ತುತ್ಸಿ ಹೆಂಗಸರ ಮೇಲೆಯೇ ಮಾಡಿದ್ದು. ಇದರ ಬೀಜ ಮುಂಚೆಯೇ ಬಿದ್ದಿತ್ತು. 1990ರ ಡಿಸೆಂಬರ್‌ನಲ್ಲೇ ‘ಕಾಂಗುರಾ’ ಎಂಬ ಪತ್ರಿಕೆ ಹುಟುಗಳಿಗೆ ಹತ್ತು ಕಟ್ಟಳೆಗಳನ್ನು ಅಚ್ಚುಮಾಡಿತ್ತು. ಅದರ ಮೊದಲ ಕಟ್ಟಳೆಯೇ ತುತ್ಸಿ ಹೆಂಗಸರ ವಿರುದ್ಧ: ಅವರನ್ನು ಮದುವೆಯಾಗುವ, ಅವರ ಜೊತೆ ಸಂಬಂಧ ಇಟ್ಟುಕೊಳ್ಳುವ ಹುಟು ದ್ರೋಹಿ. ಮೂರು ವರ್ಷಕ್ಕೂ ಜಾಸ್ತಿ ಕಾಲ ಇಂಥದ್ದನ್ನು ಓದಿ, ರೇಡಿಯೋದಲ್ಲಿ ಕೇಳಿ ಬೆಳೆದ ಹುಡುಗರೇ ಆಮೇಲೆ ಕೈಯಲ್ಲಿ ಮಚ್ಚು ಹಿಡಿದದ್ದು.

ಅತ್ಯಾಚಾರ ಅಂದರೆ ಏನು ಎಂಬುದನ್ನೂ ತೀರ್ಪು ಹೇಳಬೇಕಾಯಿತು. ಅಂಗಾಂಗಗಳ ಪಟ್ಟಿ ಮಾಡಿದರೆ ಈ ಅಪರಾಧ ಅರ್ಥವಾಗದು ಎಂದು ಪೀಠ ಹೇಳಿತು. ಬಲವಂತದ ಪರಿಸ್ಥಿತಿಯಲ್ಲಿ ಒಬ್ಬರ ದೇಹದ ಮೇಲೆ ನಡೆಯುವ ಲೈಂಗಿಕ ಆಕ್ರಮಣವೇ ಅತ್ಯಾಚಾರ ಎಂದಿತು. ಸುತ್ತ ಕೊಲೆಗಾರರು ನಿಂತಿರುವಾಗ ನೀನು ಒಪ್ಪಿದ್ದೆಯಾ, ಕೂಗಿಕೊಂಡೆಯಾ ಎಂದು ಕೇಳುವುದಕ್ಕೆ ಅರ್ಥವಿಲ್ಲ ಅಲ್ವಾ?

ಅಪ್ಪನ ಗುಂಪೇ ಮಕ್ಕಳಿಗೂ ಬರುವ ಸಮಾಜದಲ್ಲಿ ಅತ್ಯಾಚಾರದಿಂದ ಬಸಿರು ಮಾಡುವುದು ಆ ಗುಂಪಿನ ಹುಟ್ಟನ್ನೇ ತಡೆದ ಹಾಗೆ ಎಂಬ ಮಾತೂ ತೀರ್ಪಿನಲ್ಲಿದೆ. ಇನ್ನೊಂದು ಸಂಗತಿಯೂ ಇದೆ. ಗಂಡ ತುತ್ಸಿ ಎಂಬ ಕಾರಣಕ್ಕೆ ಬಸುರಿ ಹುಟು ಹೆಂಗಸರನ್ನೂ ಕೊಂದರು. ಹೊಟ್ಟೆಯಲ್ಲಿರುವುದು ತುತ್ಸಿಯ ಕೂಸು ಎಂದು. ಇದನ್ನು ಓದಿದಾಗ ಮದ್ದೂರು ಕಡೆಯ ಅಂಗನವಾಡಿ ಕಾರ್ಯಕರ್ತೆ ಕೇಳಿದರು: ‘ಹಂಗಾದ್ರೆ ಹೆಂಗ್ಸಿಗೆ ತನ್ನದು ಅಂತ ಏನೂ ಇಲ್ವಾ? ಹೊತ್ತಿದ್ದು ಇವಳು, ಲೆಕ್ಕ ಮಾತ್ರ ಅವನದ್ದು.’ ಕಾನೂನು ವಿದ್ಯಾರ್ಥಿಗಳು ಪುಟಗಟ್ಟಲೆ ಬರೆದುಕೊಂಡು ಬಂದಿದ್ದರು. ಅಷ್ಟು ಚೆನ್ನಾಗಿ ಅವರಲ್ಲಿ ಯಾರೂ ಹೇಳಲಿಲ್ಲ.

ಅಕಾಯೆಸುವಿಗೆ 1998ರ ಅಕ್ಟೋಬರ್ 2ರಂದು ಜೀವಾವಧಿ ಶಿಕ್ಷೆಯಾಯಿತು. 2001ರ ಜೂನ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಅಪರಾಧಿಗಳೆಲ್ಲ ಗಂಡಸರೇ ಎಂದುಕೊಳ್ಳಬೇಡಿ. ಪಾಲಿನ್ ನ್ಯಿರಾಮಸುಹುಕೊ ಆಗ ರುವಾಂಡಾದ ಕುಟುಂಬ ಮತ್ತು ಮಹಿಳಾ ಅಭಿವೃದ್ಧಿ ಸಚಿವೆ. ಜನಾಂಗ ಹತ್ಯೆ ಮತ್ತು ಅತ್ಯಾಚಾರದ ಅಪರಾಧಗಳಿಗೆ 2011ರಲ್ಲಿ ಇದೇ ನ್ಯಾಯಮಂಡಳಿ ಆಕೆಗೆ ಶಿಕ್ಷೆ ಕೊಟ್ಟಿತು. ಹೆಂಗಸು ಅಧಿಕಾರದಲ್ಲಿ ಕೂತರೆ ಹೆಂಗಸರು ತಾನಾಗಿ ಸುರಕ್ಷಿತ ಎಂಬ ಮಾತು ನಿಲ್ಲುವುದಿಲ್ಲ.

ಮಕ್ಕಳು

ಈ ಪ್ರಕರಣದ ದುರ್ಬಲ ಭಾಗ ಇದು. ತೀರ್ಪಿಗೆ ದಾರಿ ತೆರೆದದ್ದು 6 ವರ್ಷದ ಒಂದು ಹುಡುಗಿಗೆ ಆದದ್ದು. ಆದರೆ ಮಕ್ಕಳಿಗೆ ಸಿಕ್ಕಿದ್ದು ಬಹಳ ಕಡಿಮೆ.

1995ರಲ್ಲಿ ಯುನಿಸೆಫ್ ನೆರವಿನಿಂದ 3,030 ರುವಾಂಡಾ ಮಕ್ಕಳನ್ನು ಮಾತಾಡಿಸಿದರು. ಅವರಲ್ಲಿ 100ಕ್ಕೆ 90 ಮಕ್ಕಳು ಆ ದಿನಗಳಲ್ಲಿ ನಾವು ಸತ್ತೇ ಹೋಗುತ್ತೇವೆ ಅಂದುಕೊಂಡಿದ್ದರು. 100ಕ್ಕೆ 15 ಮಕ್ಕಳು ಹೆಣಗಳ ಕೆಳಗೆ ಅಡಗಿ ಬದುಕಿದ್ದರು. ಊರೂರಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗಿಯರು ತಮ್ಮ ತಂಗಿಯರಿಗೆ ತಾಯಿಯಾಗಿ ಮನೆ ನಡೆಸಿದರು. ನಮ್ಮ ಅಂಗನವಾಡಿಯವರು ಈ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಎಂದರು. ಸ್ವಲ್ಪ ಹೊತ್ತು ನಿಲ್ಲಿಸಿದೆವು.

ಇನ್ನು ಅತ್ಯಾಚಾರದಿಂದ ಹುಟ್ಟಿದ ಮಕ್ಕಳು. ರುವಾಂಡಾದ ಜನಸಂಖ್ಯಾ ಕಚೇರಿಯ ಅಂದಾಜು 2,000ದಿಂದ 5,000. ನಡೆದ ಅತ್ಯಾಚಾರಗಳು 2.5 ಲಕ್ಷದಿಂದ 5 ಲಕ್ಷ ಇರಬಹುದು ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ರೆನೆ ದೆನ್ಯಿ ಸೆಗಿ 1996ರಲ್ಲಿ ಲೆಕ್ಕ ಹಾಕಿದ್ದರು. ಏಪ್ರಿಲ್‌ನಿಂದ ಜುಲೈವರೆಗೆ ಬಸಿರಾದವರಿಗೆ ಮಕ್ಕಳು ಹುಟ್ಟಿದ್ದು 1995ರ ಮೊದಲ ತಿಂಗಳುಗಳಲ್ಲಿ. ಬದುಕುಳಿದವರ ನೆರವಿಗೆ ರುವಾಂಡಾ ಸರ್ಕಾರ 1998ರಲ್ಲಿ ಒಂದು ನಿಧಿ ಮಾಡಿತು. ಓದಿನ ಖರ್ಚು, ಔಷಧಿ, ಮನೆ ಅದರಿಂದ ಸಿಗುತ್ತಿತ್ತು. ಕಾನೂನಿನ ಪ್ರಕಾರ ಬದುಕುಳಿದವರು ಅಂದರೆ 1990ರ ಅಕ್ಟೋಬರ್ 1ರಿಂದ 1994ರ ಡಿಸೆಂಬರ್ 31ರ ನಡುವೆ ದಾಳಿಗೆ ಸಿಕ್ಕಿ ಉಳಿದವರು. ಹಾಗಾಗಿ 1995ರಲ್ಲಿ ಹುಟ್ಟಿದ ಮಗು ಬದುಕುಳಿದವರ ಪಟ್ಟಿಯಲ್ಲಿಲ್ಲ. ಶಾಲೆಯ ಫೀಸು ಇಲ್ಲ.

ತಾರೀಕಿನ ಗೆರೆಯಿಂದ ಮಗು ಹೊರಗೆ ಬಿತ್ತು. ಅಪ್ಪನ ಗುಂಪೇ ಮಗುವಿನದು ಎಂಬ ಹಳೆಯ ಲೆಕ್ಕದಿಂದಲೂ ಹೊರಗೆ ಬಿತ್ತು. ತಾಯಿಯ ತವರಿಗೆ ಅದು ಕೊಂದವನ ಮಗು. ಅಪ್ಪನ ಕಡೆಯವರಿಗೆ ಬೇಡದ ಮಗು. ಎಷ್ಟೋ ತಾಯಂದಿರಿಗೆ ಮಗುವನ್ನು ಉಳಿಸಿಕೊಳ್ಳುವುದೋ ತವರನ್ನು ಉಳಿಸಿಕೊಳ್ಳುವುದೋ ಎಂಬ ಪರಿಸ್ಥಿತಿ ಬಂತು. ಅಂಥ ತಾಯಂದಿರನ್ನು, ಆಮೇಲೆ ಬೆಳೆದ ಮಕ್ಕಳನ್ನು ಸೇರಿಸಿ ಮಾತಾಡಿಸುವ ಕೆಲಸವನ್ನೂ ಕಡೆಗೆ ಸೆವೋಟಾದಂಥ ಸಂಘಗಳೇ ಮಾಡಬೇಕಾಯಿತು. ಆ ಮಕ್ಕಳಿಗೆ ಈಗ ಮೂವತ್ತು ದಾಟಿದೆ. ಎಷ್ಟೋ ಜನರಿಗೆ ತಮ್ಮವೇ ಮಕ್ಕಳಿದ್ದಾರೆ.

ತೀರ್ಪು ಕೊಡದೆ ಹೋದದ್ದು

ಈ ನ್ಯಾಯಮಂಡಳಿಗೆ ಶಿಕ್ಷೆ ಕೊಡುವ ಅಧಿಕಾರ ಇತ್ತು, ಸಂತ್ರಸ್ತರಿಗೆ ಪರಿಹಾರ ಕೊಡುವ ಅಧಿಕಾರ ಇರಲಿಲ್ಲ. 1995ರ ಜನವರಿಯಲ್ಲಿ 50 ವಿಧವೆಯರು ಸೇರಿ ಕಟ್ಟಿದ ‘ಅವೆಗಾ’ ಎಂಬ ಸಂಘ ಆಮೇಲೆ ತನ್ನ ಸದಸ್ಯೆಯರಲ್ಲಿ ಸಮೀಕ್ಷೆ ಮಾಡಿತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಮೂರನೇ ಎರಡರಷ್ಟು ಹೆಂಗಸರಿಗೆ ಎಚ್‌ಐವಿ ಇತ್ತು. ಆ ವರ್ಷಗಳಲ್ಲಿ ಅರೂಷಾದ ಜೈಲಿನಲ್ಲಿದ್ದ ಆರೋಪಿಗಳಿಗೆ ವಿಶ್ವಸಂಸ್ಥೆಯ ಖರ್ಚಿನಲ್ಲಿ ಎಚ್‌ಐವಿ ಔಷಧಿ ಸಿಗುತ್ತಿತ್ತು. ಅವರ ವಿರುದ್ಧ ಸಾಕ್ಷಿ ಹೇಳಿ ಊರಿಗೆ ಮರಳಿದ ಹೆಂಗಸರಿಗೆ ಸಿಗುತ್ತಿರಲಿಲ್ಲ. ಆರೋಪಿಗೆ ಔಷಧಿ ಕೊಟ್ಟದ್ದು ತಪ್ಪಲ್ಲ. ಸಾಕ್ಷಿಗೆ ಕೊಡದಿದ್ದದ್ದು ಅನ್ಯಾಯ. ಇದನ್ನು ಬರೆಯುವಾಗ ಈಗಲೂ ಕೈ ಬಿಗಿಯಾಗುತ್ತದೆ.

ಜಮೀನಿನ ಕಥೆ ಇನ್ನೊಂದು. ಅಲ್ಲಿನ ರೂಢಿಯಲ್ಲಿ ಹೆಣ್ಣುಮಕ್ಕಳಿಗೆ ಜಮೀನಿನ ಪಾಲು ಇರಲಿಲ್ಲ. ಅಪ್ಪ, ಅಣ್ಣ, ಗಂಡ ಎಲ್ಲ ಸತ್ತ ಮೇಲೂ ಉಳಿದ ಹೆಂಗಸು ತನ್ನದೇ ಹೊಲಕ್ಕೆ ಯಾರೋ ದೂರದ ದಾಯಾದಿಯ ದಯೆ ಕೇಳಬೇಕಿತ್ತು. ಹೆಂಗಸರ ಸಂಘಗಳು ಹೋರಾಡಿ, 1999ರ ನವೆಂಬರ್‌ನಲ್ಲಿ ಕಾನೂನು ಬದಲಾಯಿತು. ಮಗಳಿಗೂ ಮಗನಷ್ಟೇ ಹಕ್ಕು ಬಂತು. ಇಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿ ಒಂದು ಸಂಗತಿ ನೆನಪಿಸಿದಳು. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ರುವಾಂಡಾದಲ್ಲಿ ಕೊಲೆಗಳು ನಿಂತ ಅದೇ ತಿಂಗಳು. ಆಮೇಲೆ ಮಾತು ಪೂರ್ತಿ ಮಂಡ್ಯಕ್ಕೇ ತಿರುಗಿತು. ಕಾನೂನು ಬಂದು ಮೂವತ್ತು ವರ್ಷವಾದರೂ ಅಣ್ಣತಮ್ಮಂದಿರು ಅರಿಶಿನ ಕುಂಕುಮ, ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ನಾಲೆ ಕೆಳಗಿನ ಗದ್ದೆಯ ಪಹಣಿಯಲ್ಲಿ ಮಗಳ ಹೆಸರು ಹುಡುಕಬೇಕು.

ಇನ್ನೊಬ್ಬ ವಿದ್ಯಾರ್ಥಿ ಕೇಳಿದ್ದು, ನಮ್ಮ ದೇಶದಲ್ಲಿ ಜನಾಂಗ ಹತ್ಯೆಗೆ ಯಾವ ಸೆಕ್ಷನ್ ಎಂದು. ಯಾವುದೂ ಇಲ್ಲ. ಭಾರತ 1948ರ ಒಡಂಬಡಿಕೆಯನ್ನು 1959ರಲ್ಲೇ ಒಪ್ಪಿಕೊಂಡಿದೆ. ಅದನ್ನು ದೇಶದ ಕಾನೂನಿನೊಳಗೆ ತಂದಿಲ್ಲ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇಲ್ಲ. 1984ರ ಸಿಖ್ಖರ ಹತ್ಯೆಗೆ ಸಂಬಂಧಿಸಿದ ಒಂದು ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಈ ಕೊರತೆಯನ್ನು ಎತ್ತಿ ಹೇಳಿತ್ತು. ಈ ಕಂದರವನ್ನು ಬೇಗ ಮುಚ್ಚಬೇಕು ಎಂದೂ ಹೇಳಿತ್ತು.

ನಮ್ಮ ಕೆಲಸಕ್ಕೆ ಬಂದದ್ದು

ಈ ಪ್ರಕರಣ ಓದಿದ ಮೇಲೆ ಗುಂಪಿನ ಸಮಾಲೋಚಕಿಯರು ತಮ್ಮ ಕೆಲಸದಲ್ಲಿ ಕೆಲವು ಬದಲಾವಣೆ ಮಾಡಿಕೊಳ್ಳಲು ಒಪ್ಪಿದ್ದಾರೆ. ಮೊದಲ ಭೇಟಿಯಲ್ಲೇ ನಮೂನೆ ತುಂಬಿ ಮುಗಿಸುವುದಿಲ್ಲ, ಎರಡನೇ ಸಲವೂ ಕರೆದು ಕೇಳುತ್ತಾರೆ. ನಮೂನೆಯಲ್ಲಿ ಕಾಲಂ ಇಲ್ಲದ ಮಾತು ಬಂದರೆ ಅವಳ ಮಾತಲ್ಲೇ ಬೇರೆ ಹಾಳೆಯಲ್ಲಿ ಬರೆದಿಡುತ್ತಾರೆ. ಮಾತಾಡಲು ಬಂದವಳನ್ನು, ಅವಳು ಒಪ್ಪಿದರೆ, ಸಂಘದ ಹೆಂಗಸರ ಜೊತೆ ಸೇರಿಸುತ್ತಾರೆ. ಠಾಣೆ, ಕೋರ್ಟಿಗೆ ಹೋಗುವುದು ಅವಳಿಗೆ ಧೈರ್ಯ ಬಂದಾಗ. ಮಗುವಿದ್ದರೆ ಅದಕ್ಕೆ ಬೇರೆಯೇ ಫೈಲು. ತಾಯಿಯ ಅರ್ಜಿಯ ಕೊನೆಯಲ್ಲಿ ಒಂದು ಸಾಲಾಗಿ ಸೇರಿಸುವುದಿಲ್ಲ. ಪರಿಹಾರದ ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವಾಗ ಮಗುವಿನ ಓದು, ಔಷಧಿಯ ಖರ್ಚು ಅದರಲ್ಲಿ ಇದೆಯೇ ಎಂದು ಕಾನೂನು ವಿದ್ಯಾರ್ಥಿಗಳು ನೋಡಿಕೊಡುತ್ತಾರೆ.

ಮುಂದಿನ ಸಲ ಇರಾಕಿನ ಯಜೀದಿ ಎಂಬ ಧಾರ್ಮಿಕ ಅಲ್ಪಸಂಖ್ಯಾತ ಸಮುದಾಯದ ಹೆಂಗಸರ ಪ್ರಕರಣ ಓದುವುದಿದೆ. 2014ರಲ್ಲಿ ಐಸಿಸ್ ಅವರನ್ನು ಹೊತ್ತೊಯ್ದು ಮಾರಿತ್ತು. ಬದುಕಿ ಬಂದವರಿಗೆ ನೆರವು ಕೊಡಲು ಇರಾಕ್ 2021ರ ಮಾರ್ಚ್‌ನಲ್ಲಿ ಕಾನೂನು ಮಾಡಿತು. ಪಿಂಚಣಿ ಇದೆ, ಜಮೀನು ಇದೆ, ಓದಿಗೆ ಅವಕಾಶ ಇದೆ. ಸೆರೆಯಲ್ಲಿ ಹುಟ್ಟಿದ ಮಕ್ಕಳ ಮಾತು ಅದರಲ್ಲಿಲ್ಲ. ಅಪ್ಪ ಮುಸ್ಲಿಮನಾದ್ದರಿಂದ ಅಲ್ಲಿನ ನಿಯಮದಂತೆ ಮಗುವೂ ಮುಸ್ಲಿಂ ಎಂದೇ ದಾಖಲಾಗುತ್ತದೆ. ಯಜೀದಿಗಳ ಧಾರ್ಮಿಕ ಮಂಡಳಿ ಬದುಕಿ ಬಂದವರನ್ನು ಒಪ್ಪಿಕೊಳ್ಳುತ್ತೇವೆ ಎಂದು 2019ರ ಏಪ್ರಿಲ್‌ನಲ್ಲಿ ಹೇಳಿ, ಅತ್ಯಾಚಾರದಿಂದ ಹುಟ್ಟಿದ ಮಕ್ಕಳು ಅದರಲ್ಲಿ ಸೇರಿಲ್ಲ ಎಂದು ಕೆಲವೇ ದಿನಗಳಲ್ಲಿ ಸ್ಪಷ್ಟಪಡಿಸಿತು. ತಾಬಾದ ತೀರ್ಪು ಬಂದು ಇಪ್ಪತ್ತು ವರ್ಷ ದಾಟಿದ ಮೇಲಿನ ಮಾತು ಇದು.